ಕೆರೆಯ ಮೇಲೋ, ಕೆರೆಯ ಕೆಳಗೋ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಎಚ್ಚರಿಸಿದ ನಮ್ಮ ಹಿರಿಯರು, ಮನೆಯನ್ನು ಎಲ್ಲಿ ಕಟ್ಟಬೇಕೆಂಬ ಪ್ರಶ್ನೆಯನ್ನು ಆ ಗಾದೆಯಲ್ಲಿ ಎತ್ತಲಿಲ್ಲ. ಎತ್ತುವ ಅಗತ್ಯವೇ ಅವರಿಗೆ ಇರಲಿಲ್ಲವೆಂದು ತೋರುತ್ತದೆ. ದಿಣ್ಣೆಯ ಮೇಲೆ ಊರು, ತಗ್ಗಿನಲ್ಲಿ ಕೆರೆ, ಏರಿಯ ಕೆಳಗೆ ಅಚ್ಚುಕಟ್ಟಿನ ಗದ್ದೆ ಎಂಬ ಕ್ರಮ ಅವರ ಕಾಲಕ್ಕೆ ಆಗಲೇ ನೆಲೆಗೊಂಡಿತ್ತು. ಗದ್ದೆಯ ಬದುವಿನ ಮೇಲೆ ಮನೆ ಕಟ್ಟಿ ಸಂಸಾರ ಹೂಡುತ್ತೇನೆಂದು ಯಾರಾದರೂ ಹೊರಟಿದ್ದರೆ ಊರಿನವರು ನಗುತ್ತಿದ್ದರು. ಇಂದು ಬೆಂಗಳೂರಿನ ಉತ್ತರ ಭಾಗದಲ್ಲಿ ಮನೆ ಹುಡುಕುವ ಮಧ್ಯಮ ವರ್ಗದ ಸಂಸಾರಕ್ಕೆ ಈ 'ಎಲ್ಲಿ' ಎಂಬುದೇ ಎಲ್ಲಕ್ಕಿಂತ ಕಠಿನವಾದ ಪ್ರಶ್ನೆಯಾಗಿದೆ.

ಈ ಪ್ರಶ್ನೆಯನ್ನು ಹೊತ್ತು ನನ್ನ ತಂಗಿಯ ಮಗ ಕಳೆದ ಬೇಸಗೆಯಲ್ಲಿ ನನ್ನಲ್ಲಿಗೆ ಬಂದ. ಅವನ ಉದ್ಯೋಗ ಯಶವಂತಪುರದ ಕಡೆ. ಹೆಂಡತಿಯದು ನಾಗವಾರದ ಬಳಿ. ನನ್ನ ತಂಗಿಗೆ ಮೊಣಕಾಲಿನ ನೋವು, ಮೆಟ್ಟಿಲು ಹತ್ತಲಾರಳು. ಆದ್ದರಿಂದ ಮನೆ ನೆಲದ ಮಟ್ಟದಲ್ಲೇ ಇರಬೇಕು. ಭವಿಷ್ಯನಿಧಿಯ ಹಣವನ್ನೆಲ್ಲ ಕೂಡಿಸಿ, ಮೇಲೆ ಇಪ್ಪತ್ತು ವರ್ಷದ ಸಾಲ ಎತ್ತಿ ಕೊಳ್ಳುವ ಮನೆ. ಒಮ್ಮೆ ಕೊಂಡ ಮೇಲೆ ಇನ್ನೊಂದು ಕೊಳ್ಳುವ ಶಕ್ತಿ ಅವನಿಗಿಲ್ಲ. ನೋಡಿಟ್ಟಿದ್ದು ಮೂರು ಕಡೆ: ಆರ್.ಟಿ. ನಗರದ ಹಳೆಯ ಮನೆಯೊಂದರ ಕೆಳಭಾಗ, ಯಲಹಂಕದ ಆಚೆ ಹೊಸ ಬಡಾವಣೆಯ ಅಚ್ಚುಕಟ್ಟಾದ ಪುಟ್ಟ ಮನೆ, ವಿದ್ಯಾರಣ್ಯಪುರದ ಕಡೆ ದಿಣ್ಣೆಯ ಮೇಲಿನ ಇನ್ನೊಂದು. "ಏನೇ ಆಗಲಿ ಮಾವ, ಮನಿಲಾದ ಹಾಗೆ ಇಲ್ಲಿ ನೆಲ ನಡುಗುವ ಭಯವಂತೂ ಇಲ್ಲವಲ್ಲ" ಎಂದ.

ಕಂಪನಿಯ ಕೆಲಸದ ಮೇಲೆ ಫಿಲಿಪೈನ್ಸಿನ ಆ ರಾಜಧಾನಿಯಲ್ಲಿ ಎರಡು ವರ್ಷ ಇದ್ದು ಬಂದವನು ಅವನು. ಆ ಮಹಾನಗರದ ಪೂರ್ವಭಾಗದಲ್ಲಿ ಕೆಸೋನ್ ಸಿಟಿ, ಮರಿಕಿನಾ ಮೊದಲಾದ ಪಟ್ಟಣಗಳ ನಡುವೆ ಉತ್ತರ-ದಕ್ಷಿಣವಾಗಿ ಭೂಮಿಯ ಬಿರುಕೊಂದು ಹಾದುಹೋಗಿದೆ. ಅಲ್ಲಿನ ಜ್ವಾಲಾಮುಖಿ ಮತ್ತು ಭೂಕಂಪ ಸಂಸ್ಥೆಯವರು 2015ರಲ್ಲಿ ಆ ಬಿರುಕಿನ ಜಾಡನ್ನು ಬೀದಿಗಳ ಸಮೇತ ಗುರುತಿಸಿದ ನಕ್ಷೆಗಳ ಸಂಪುಟವನ್ನು ಹೊರತಂದರು. ಬಿರುಕಿನ ಎರಡು ಮಗ್ಗುಲಲ್ಲೂ ಐದೈದು ಮೀಟರು ಮನೆ ಕಟ್ಟಬಾರದೆಂಬುದು ಅವರ ಸಲಹೆ. ಮನೆ ಕೊಳ್ಳುವವನು ತನ್ನ ಗೋಡೆಗೂ ಬಿರುಕಿಗೂ ಎಷ್ಟು ದೂರವೆಂದು ತಾನೇ ಅಳೆದುಕೊಳ್ಳಬಹುದು. ವಾಹನಗಳ ಇಕ್ಕಟ್ಟಿನಲ್ಲಿ ಬೆಂಗಳೂರಿಗೇನೂ ಕಡಿಮೆಯಿಲ್ಲದ ಆ ಊರಿನಲ್ಲಿ ಜನ ಕಚೇರಿಯ ದೂರವನ್ನೂ ಬಿರುಕಿನ ದೂರವನ್ನೂ ಒಟ್ಟಿಗೆ ತೂಗಿ ಮನೆ ಆರಿಸುತ್ತಾರಂತೆ. ಆದರೆ 2009ರ ಸೆಪ್ಟೆಂಬರ್ 26ರಂದು ಮರಿಕಿನಾ ನದಿ ಮನೆಗಳ ಮೇಲೆ ನುಗ್ಗಿದಾಗ ಬಿರುಕಿನ ನಕ್ಷೆಯಿಂದ ಉಪಯೋಗವೇನೂ ಆಗುವಂತಿರಲಿಲ್ಲ. ಅಂದು ಬೇಕಾಗಿದ್ದದ್ದು ನೀರಿನ ನಕ್ಷೆ.

ನಮ್ಮ ಭೂಕಂಪದ ಮಾತನ್ನೂ ಹೇಳಿಬಿಡುತ್ತೇನೆ. 2002ರಲ್ಲಿ ಪರಿಷ್ಕರಿಸಿದ ದೇಶದ ಭೂಕಂಪ ನಕ್ಷೆ ಬೆಂಗಳೂರನ್ನು ಅತಿ ಕಡಿಮೆ ಅಪಾಯದ ವಲಯದಲ್ಲಿ ಇರಿಸಿತು. ಕಾಲ ಕೆಳಗೆ ಬಹು ಪುರಾತನವಾದ ಕಲ್ಲಿದೆ, ಧೈರ್ಯ ತಾಳಬಹುದು. ಆದರೂ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಗಡಿಯಾಚೆಯ ಕಿಲ್ಲಾರಿ ನೆಲಸಮವಾದಾಗ ಅದೂ ಆಗಿನ ನಕ್ಷೆಯ ಅತ್ಯಂತ ಸುರಕ್ಷಿತ ವಲಯದಲ್ಲೇ ಇತ್ತೆಂಬುದನ್ನು ಮರೆಯಲಾಗದು. 1985ರಲ್ಲಿ ಮೆಕ್ಸಿಕೋ ನಗರ ಕುಸಿದದ್ದು ಇನ್ನೂ ವಿಚಿತ್ರ. ಭೂಕಂಪದ ಕೇಂದ್ರವಿದ್ದದ್ದು ಮುನ್ನೂರು ಕಿಲೋಮೀಟರಿಗೂ ಆಚೆ, ಕಡಲ ತೀರದಲ್ಲಿ. ನಗರದ ನಡುಭಾಗ ನಿಂತಿದ್ದದ್ದು ಬತ್ತಿಸಿದ ಸರೋವರವೊಂದರ ಜೇಡಿಮಣ್ಣಿನ ಮೇಲೆ. ದೂರದಿಂದ ಬಂದ ಅಲೆಗಳು ಆ ಮೆತ್ತನೆಯ ಮಣ್ಣಿನಲ್ಲಿ ಹಲವು ಪಟ್ಟು ಹೆಚ್ಚಿ, ಗಟ್ಟಿ ನೆಲದ ಮೇಲಿದ್ದ ಮನೆಗಳನ್ನು ಬಿಟ್ಟು ಕೆರೆಯಂಗಳದ ಕಟ್ಟಡಗಳನ್ನೇ ಉರುಳಿಸಿದವು. ಭೂಕಂಪವನ್ನು ಹಿಡಿದು ಹೊರಟರೂ ನಾವು ಬಂದು ನಿಲ್ಲುವುದು ಕೆರೆಯ ಅಂಗಳಕ್ಕೇ.

ಧರ್ಮಾಂಬುಧಿಯ ಮೇಲೆ ಬಸ್ ನಿಲ್ದಾಣವನ್ನೂ ಸಂಪಂಗಿ ಕೆರೆಯ ಮೇಲೆ ಕ್ರೀಡಾಂಗಣವನ್ನೂ ಕಟ್ಟಿದ ಊರು ನಮ್ಮದು. ಉಳಿದ ಕೆರೆಗಳನ್ನಾದರೂ ಕಾಪಾಡಬೇಕೆಂದು ಲಕ್ಷ್ಮಣರಾವ್ ಸಮಿತಿ 1980ರ ದಶಕದಲ್ಲೇ ಹೇಳಿತ್ತು. ಉತ್ತರದ ಕಡೆಗೆ ಇನ್ನೂ ಹಲವು ಕೆರೆಗಳು ಉಸಿರಾಡುತ್ತಿರುವುದು ನಮ್ಮ ಪುಣ್ಯ. ಅಲ್ಲಿ ನೆಲದ ರಚನೆಯನ್ನು ತಿಳಿಯಲು ಯಂತ್ರಗಳೇ ಬೇಕಿಲ್ಲ. ಹಳ್ಳಿಗಳ ಹೆಸರುಗಳನ್ನು ಕಿವಿಗೊಟ್ಟು ಕೇಳಿದರೆ ಬಹುಮಟ್ಟಿಗೆ ಸಾಕು. ದೊಡ್ಡಬೆಟ್ಟಹಳ್ಳಿ ಎನ್ನುತ್ತಾರೆ, ನಗರದಲ್ಲೆಲ್ಲ ಅತಿ ಎತ್ತರದ ನೆಲ ಅದೇ, ಸಮುದ್ರಮಟ್ಟದಿಂದ 962 ಮೀಟರು. ಅಳ್ಳಾಲಸಂದ್ರ ಎನ್ನುತ್ತಾರೆ, ಸಂದ್ರವೆಂದರೆ ಸಮುದ್ರ, ಅರ್ಥಾತ್ ಕೆರೆ. ಕೊಡಿಗೆಹಳ್ಳಿಯ ಕೊಡಿಗೆ ಎಂದರೆ ದತ್ತಿಯ ಭೂಮಿ; ಕೆರೆ ಕಟ್ಟಿದವರಿಗೂ ಕಾಯ್ದವರಿಗೂ ಅಂಥ ಭೂಮಿ ಬಿಡುವ ವಾಡಿಕೆ ಹಿಂದೆ ಇತ್ತು. ಹೆಬ್ಬಾಳದಲ್ಲಿ ಕೆಲವು ವರ್ಷಗಳ ಹಿಂದೆ ಚರಂಡಿ ಅಗೆಯುವಾಗ ಗಂಗರ ಶ್ರೀಪುರುಷನ ಕಾಲದ ವೀರಗಲ್ಲೊಂದು ಸಿಕ್ಕಿತು. ಸಾವಿರದ ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಜನ ಇಲ್ಲಿ ಮನೆ ಮಾಡಿಕೊಂಡಿದ್ದಾರೆಂದಾಯಿತು. ಎಲ್ಲಿ ಮನೆ ಮಾಡಬಾರದೆಂಬುದೂ ಅವರಿಗೆ ಗೊತ್ತಿದ್ದಿರಬೇಕು.

ಕೆರೆಗಳು ಇಲ್ಲಿ ಒಂಟಿಯಾಗಿಲ್ಲ. ಯಲಹಂಕ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಜಕ್ಕೂರಿಗೆ ಇಳಿಯುತ್ತದೆ, ಜಕ್ಕೂರಿನಿಂದ ರಾಚೇನಹಳ್ಳಿಗೆ, ಅಲ್ಲಿಂದ ಇನ್ನೂ ಕೆಳಗೆ. ಕೊನೆಗೆ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಸರಪಳಿಯ ಒಂದು ಕೊಂಡಿಗೂ ಇನ್ನೊಂದಕ್ಕೂ ನಡುವೆ ಇರುವ ದಾರಿಯೇ ರಾಜಕಾಲುವೆ. ಕೆರೆಯನ್ನಾದರೆ ಕಣ್ಣಾರೆ ಕಾಣಬಹುದು. ರಾಜಕಾಲುವೆ ವರ್ಷದ ಹತ್ತು ತಿಂಗಳು ಕಳೆ ಬೆಳೆದ ಮೋರಿಯ ಹಾಗೆ ಬಿದ್ದಿರುವುದರಿಂದ, ಅದು ಒಂದು ಹೊಳೆಯ ಹಾದಿಯೆಂದು ಹೊಸಬರಿಗೆ ತೋಚುವುದೇ ಇಲ್ಲ.

ಯಲಹಂಕದ ಆಚೆಯ ಮನೆಯನ್ನು ನೋಡಲು ನಾನೂ ಹೋಗಿದ್ದೆ. ಚೆಂದದ ಮನೆ, ಅಗಲವಾದ ರಸ್ತೆ, ಎದುರಿಗೆ ಹೊಂಗೆಯ ಸಾಲು. ದರವೂ ಇತರ ಎರಡಕ್ಕಿಂತ ಕಡಿಮೆ. ದಳ್ಳಾಳಿ ವಾಸ್ತುವಿನ ಗುಣಗಳನ್ನು ವರ್ಣಿಸುತ್ತಿದ್ದ. ರಸ್ತೆಯ ತುದಿಯಲ್ಲಿ ಅರಳಿಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರನ್ನು ನಾನು ಸುಮ್ಮನೆ ಮಾತಿಗೆಳೆದೆ. "ಬ್ಯಾಸಿಗೇಲಿ ನೋಡಿದ್ರೆ ಏನ್ ಗೊತ್ತಾಯ್ತದೆ ಸಾಮಿ? ಕೆರೆ ಕೋಡಿ ಬಿದ್ದಾಗ ಬನ್ನಿ. ನಮ್ಮಪ್ಪನ ಕಾಲ್ದಲ್ಲಿ ಇದೆಲ್ಲ ಬತ್ತದ ಗದ್ದೆ. ಆ ಮನೆ ಹಿಂದೆ ಹಳ್ಳ ಇತ್ತು" ಎಂದರು. ಹಿಂದೆ ಹೋಗಿ ನೋಡಿದರೆ ಎರಡಡಿ ಅಗಲದ ಸಿಮೆಂಟಿನ ಚರಂಡಿ ಮಾತ್ರ. ಅಳಿಯ ತನ್ನ ಮೊಬೈಲಿನಲ್ಲಿ 'ದಿಶಾಂಕ್' ಎಂಬ ಸರ್ಕಾರದ ನಕ್ಷೆಯನ್ನು ತೆರೆದ. ನಿಂತ ಜಾಗದ ಸರ್ವೆ ನಂಬರನ್ನು ಅದು ಹೇಳುತ್ತದೆ. ಗ್ರಾಮನಕ್ಷೆಯಲ್ಲಿ ಆ ಹಿತ್ತಿಲಿನಿಂದ ಇಪ್ಪತ್ತು ಹೆಜ್ಜೆಗೆ ಹಳ್ಳದ ಜೋಡಿಗೆರೆ ಸ್ಪಷ್ಟವಾಗಿ ಹಾದುಹೋಗಿತ್ತು. ಮನಿಲಾದವರು 2015ರಲ್ಲಿ ಅಚ್ಚು ಹಾಕಿಸಿದಂಥ ನಕ್ಷೆ ನಮ್ಮ ಸರ್ವೆ ಇಲಾಖೆಯಲ್ಲಿ ಬಹುಕಾಲದಿಂದ ಇದೆ. ಕ್ರಯಪತ್ರವನ್ನು ಮೂರು ಬಾರಿ ಓದುವ ನಾವು ಇದನ್ನು ಒಂದು ಬಾರಿಯೂ ಬಿಡಿಸಿ ನೋಡುವುದಿಲ್ಲ.

ಹಿರಿಯರ ಮಾತು ಅತಿಶಯವೆಂದು ತಳ್ಳಿಹಾಕುವಂತಿರಲಿಲ್ಲ. 2021ರ ನವೆಂಬರಿನಲ್ಲಿ ಯಲಹಂಕ ಕೆರೆ ಉಕ್ಕಿ, ಕೇಂದ್ರೀಯ ವಿಹಾರವೆಂಬ ವಸತಿ ಸಮುಚ್ಚಯದ ಆವರಣ ಜಲಾವೃತವಾಗಿ, ಜನರನ್ನು ದೋಣಿಗಳಲ್ಲಿ ಹೊರಕ್ಕೆ ತಂದರು. 2024ರ ಅಕ್ಟೋಬರ್ 22ರಂದು ಅದೇ ಸ್ಥಳದಲ್ಲಿ ಮತ್ತೆ ದೋಣಿಗಳು ಓಡಾಡಿದವು. ಅದೇ ವರ್ಷದ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ದಾರಿ ಕಾಯುತ್ತ ನಗರವೇ ಕಂಗೆಟ್ಟಿದ್ದನ್ನು ಕೇಳುಗರು ಮರೆತಿರಲಾರರು. ಹೊಸದಾಗಿ ನಗರಕ್ಕೆ ಸೇರಿದ ನೂರಹತ್ತು ಹಳ್ಳಿಗಳಿಗೆಂದು ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾದದ್ದು ಅಕ್ಟೋಬರ್ 16ರಂದು. ನೂರು ಕಿಲೋಮೀಟರು ದೂರದಿಂದ, ಸುಮಾರು ಐನೂರು ಮೀಟರು ಮೇಲಕ್ಕೆತ್ತಿ ನೀರು ತಂದ ಸಂಭ್ರಮಕ್ಕೆ ಇನ್ನೂ ವಾರ ತುಂಬಿರಲಿಲ್ಲ. ಆಕಾಶದಿಂದ ಪುಕ್ಕಟೆ ಬಿದ್ದ ನೀರನ್ನು ಇರಿಸಿಕೊಳ್ಳಲು ಜಾಗವಿಲ್ಲದೆ ಯಲಹಂಕ ದೋಣಿ ಹತ್ತಿತು.

ಕಾನೂನು ಕಾಪಾಡುವುದಿಲ್ಲವೆ ಎಂದು ಕೇಳಬಹುದು. ಕೆರೆಯಂಚಿನಿಂದ ಎಷ್ಟು ದೂರ ಕಟ್ಟಡ ಕೂಡದೆಂಬುದಕ್ಕೆ ನಗರದ ಮಹಾಯೋಜನೆ 30 ಮೀಟರು ಎಂದಿತ್ತು. ಹಸಿರು ನ್ಯಾಯಮಂಡಳಿ 2016ರಲ್ಲಿ 75 ಮೀಟರು ಎಂದಿತು. ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಆ ಆದೇಶವನ್ನು ರದ್ದುಪಡಿಸಿತು. ಈ ಅಳತೆಗಳ ವಿಚಾರ ನೀರಿಗೆ ತಿಳಿಯದು. ಇತ್ತ 2016ರ ಆಗಸ್ಟಿನಲ್ಲಿ ರಾಜಕಾಲುವೆ ತೆರವಿನ ಹೆಸರಿನಲ್ಲಿ ಮನೆಗಳನ್ನು ಕೆಡವಿದಾಗ, ಮಂಜೂರಾದ ನಕ್ಷೆಯನ್ನು ಕೈಯಲ್ಲಿ ಹಿಡಿದು ಅತ್ತವರು ಸಾಲ ಮಾಡಿ ಮನೆ ಕೊಂಡ ಸಾಧಾರಣ ಜನ.

ಆರ್.ಟಿ. ನಗರದ ಮನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ರವೀಂದ್ರನಾಥ ಟಾಗೋರರ ಹೆಸರು ಹೊತ್ತ ಆ ಬಡಾವಣೆಯಲ್ಲಿ ಮಾರುಕಟ್ಟೆ, ಆಸ್ಪತ್ರೆ, ಬಸ್ಸು ಎಲ್ಲವೂ ಕೈಗೆಟುಕುವಂತಿವೆ. ದರ ಮಾತ್ರ ಅಳಿಯನ ಕೈಗೆ ಎಟುಕಲಿಲ್ಲ. ಉಳಿದದ್ದು ದಿಣ್ಣೆಯ ಮನೆ. ಅದೂ ತೊಂದರೆಯಿಲ್ಲದ್ದೇನಲ್ಲ. ಎತ್ತರದ ನೆಲದಲ್ಲಿ ಕೊಳವೆಬಾವಿ ಆಳಕ್ಕಿಳಿಯುತ್ತದೆ, ನಲ್ಲಿಯ ನೀರು ಮೆಲ್ಲಗೆ ಏರುತ್ತದೆ, ಬೇಸಗೆಯಲ್ಲಿ ಟ್ಯಾಂಕರಿನವನ ದಾಕ್ಷಿಣ್ಯದಲ್ಲಿ ಬದುಕಬೇಕು. ಸೊಸೆ ದಿನವೂ ಹೆಬ್ಬಾಳವನ್ನು ದಾಟಬೇಕು. ಅಲ್ಲಿ 2003ರಲ್ಲಿ ಮೇಲ್ಸೇತುವೆಯಾಯಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಅಲ್ಲಿಂದೀಚೆಗೆ ಊರಿನ ಉತ್ತರದ ಬಾಗಿಲು ಸಂಜೆಯ ಹೊತ್ತು ಅರ್ಧ ಮುಚ್ಚಿದಂತೆಯೇ ಇರುತ್ತದೆ. ಈ ತೊಂದರೆಗಳೆಲ್ಲ ನಿಜ. ಆದರೂ ಇವು ಹಣ, ಹೊತ್ತು, ತಾಳ್ಮೆಗಳನ್ನು ತೆತ್ತು ನಿಭಾಯಿಸುವಂಥವು. ರಸ್ತೆ ಅಗಲವಾದೀತು, ರೈಲು ಬಂದೀತು, ಮಳೆನೀರನ್ನು ತೊಟ್ಟಿಗೆ ಇಳಿಸಿಕೊಳ್ಳಬಹುದು. ತಗ್ಗಿನಲ್ಲಿರುವ ಮನೆಯನ್ನು ದಿಣ್ಣೆಗೆ ಎತ್ತಿಡಲು ಯಾರಿಂದಲೂ ಆಗದು. ನನ್ನ ಅಭಿಪ್ರಾಯವನ್ನು ಇಷ್ಟೇ ಹೇಳಿ ಸುಮ್ಮನಾದೆ.

ಗಂಡ ಹೆಂಡಿರು ಎರಡು ವಾರ ಲೆಕ್ಕ ಹಾಕಿದರು. ಪ್ರಯಾಣದ ಗಂಟೆಗಳು, ಟ್ಯಾಂಕರಿನ ಖರ್ಚು, ಸಾಲದ ಕಂತು ಎಲ್ಲವನ್ನೂ ಕಾಗದದ ಮೇಲೆ ಬರೆದರು. ಲೆಕ್ಕ ಯಲಹಂಕದ ಮನೆಯ ಕಡೆಗೇ ವಾಲುತ್ತಿತ್ತು. ಕೊನೆಗೆ ಮಾತಾಡಿದವಳು ನನ್ನ ತಂಗಿ. "ನೀರನ್ನ ಕೊಂಡು ತರಬಹುದು ಕಣೋ. ನಡುರಾತ್ರಿ ನೀರು ಮನೆಯೊಳಗೆ ಬಂದರೆ ಈ ಕಾಲು ಇಟ್ಟುಕೊಂಡು ನಾನು ಎಲ್ಲಿಗೆ ಓಡಲಿ?" ಎಂದಳು. ದಿಣ್ಣೆಯ ಮನೆಗೆ ಮುಂಗಡ ಕೊಟ್ಟದ್ದು ಅದರ ಮರುದಿನ. ಸೊಸೆಗೆ ದಿನಕ್ಕೆ ಮುಕ್ಕಾಲು ಗಂಟೆ ಹೆಚ್ಚು ಪ್ರಯಾಣ. ಆ ಅಸಮಾಧಾನ ಇನ್ನೂ ಪೂರ್ತಿ ಹೋಗಿಲ್ಲ. ಮೊದಲ ಮಳೆಗಾಲಕ್ಕೆ ಮುಂಚೆಯೇ ಮಾಳಿಗೆಯ ನೀರಿಗೆ ಕೊಳವೆ ಜೋಡಿಸಿ ನೆಲದೊಳಗಿನ ತೊಟ್ಟಿಗೆ ಬಿಟ್ಟಿದ್ದಾರೆ.

ಯಲಹಂಕದ ಆ ಮನೆ ಎರಡೇ ತಿಂಗಳಲ್ಲಿ ಮಾರಾಟವಾಯಿತು. ಈಚೆಗೆ ಆ ಕಡೆ ಹೋದಾಗ ಕಿಟಕಿಗಳಿಗೆ ಹೊಸ ಪರದೆ ಬಂದಿತ್ತು, ಬಾಗಿಲ ಮುಂದೆ ರಂಗೋಲಿಯಿತ್ತು. ಅರಳಿಕಟ್ಟೆಯ ಹಿರಿಯರು ಅವರಿಗೂ ಹಳ್ಳದ ಸಂಗತಿ ಹೇಳಿದರಂತೆ, ಕ್ರಯವಾದ ಮೇಲೆ. ಹೊಸ್ತಿಲನ್ನು ಒಂದಡಿ ಎತ್ತರಿಸಿ ಕಟ್ಟಿಕೊಂಡಿದ್ದಾರೆ.