ಕಾಮಣಿ ಮತ್ತು ಪಿತ್ತನಾಳದ ಸಂಕೋಚ



ವೈದ್ಯನಲ್ಲದ ಉಪಾಧ್ಯಾಯನೊಬ್ಬನು ರೋಗದ ವಿಷಯವಾಗಿ ಮಾತನಾಡಲು ನಿಂತಿರುವುದು ತಮಗೆ ವಿಚಿತ್ರವೆನಿಸಬಹುದು. ಆದರೆ 1956ರಲ್ಲಿ ಬೀದರ ಜಿಲ್ಲೆಯಿಂದ ಜಹೀರಾಬಾದು, ನಾರಾಯಣಖೇಡಗಳೂ ಗುಲ್ಬರ್ಗಾ ಜಿಲ್ಲೆಯಿಂದ ತಾಂಡೂರೂ ಬೇರ್ಪಟ್ಟಂದಿನಿಂದ, ಇಲ್ಲಿಯ ಕನ್ನಡಿಗರಿಗೆ ಮನೆಯ ಮಾತು ಒಂದು, ಆಸ್ಪತ್ರೆಯ ಮಾತು ಇನ್ನೊಂದು. ವೈದ್ಯರ ಚೀಟಿಯನ್ನು ಹಿರಿಯರಿಗೆ ಓದಿ ತಿಳಿಸಬೇಕಾದವರು ಶಾಲೆಯ ಮಕ್ಕಳೇ. ಆದುದರಿಂದ ಶರೀರಶಾಸ್ತ್ರದ ಈ ಪಾಠವನ್ನು ಕನ್ನಡದಲ್ಲಿ ಹೇಳುವುದು ಶಾಲೆಯ ಕೆಲಸವೇ ಆಗಿದೆ.

ಜಠರದ ಹಿಂದೆ ಮೇದೋಜೀರಕ ಗ್ರಂಥಿಯಿದೆ. ಆಹಾರವನ್ನು ಜೀರ್ಣಿಸುವ ರಸವನ್ನೂ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ನನ್ನೂ ಅದು ಉತ್ಪಾದಿಸುತ್ತದೆ. ಯಕೃತ್ತಿನಲ್ಲಿ ಹುಟ್ಟಿದ ಪಿತ್ತವು ಕರುಳಿಗೆ ಇಳಿಯುವ ನಾಳದ ಕೆಳಭಾಗವು ಈ ಗ್ರಂಥಿಯ ತಲೆಯನ್ನು ಹಾದುಹೋಗುತ್ತದೆ. ಗ್ರಂಥಿಯು ವರ್ಷಗಟ್ಟಲೆ ಉರಿಯೂತಕ್ಕೆ ಗುರಿಯಾದರೆ, ಮೃದುವಾದ ಅದರ ಭಾಗಗಳು ನಾರುಗಟ್ಟಿ ಗಡುಸಾಗಿ ನಾಳವನ್ನು ಹಿಂಡುತ್ತವೆ. ದಂಡೆ ಕುಸಿದ ಕಾಲುವೆಯಲ್ಲಿ ನೀರು ಹಿಂದಕ್ಕೆ ನಿಲ್ಲುವಂತೆ ಪಿತ್ತವು ತಡೆದು ನಿಂತು ರಕ್ತವನ್ನು ಸೇರುತ್ತದೆ.

ಈ ದೀರ್ಘಕಾಲದ ಉರಿಯೂತಕ್ಕೆ ಮದ್ಯಪಾನವು ಮುಖ್ಯ ಕಾರಣಗಳಲ್ಲೊಂದು. ಬೀಡಿ ಸಿಗರೇಟುಗಳು ಅದನ್ನು ಬೆಳೆಸುತ್ತವೆ. ಆದರೆ ರೋಗಿಗಳೆಲ್ಲರನ್ನೂ ಕುಡುಕರೆಂದು ಜರೆಯುವುದು ಅನ್ಯಾಯ. ಹೆಂಡವನ್ನು ಮುಟ್ಟದ ಎಳೆಯರಲ್ಲಿಯೂ ಗ್ರಂಥಿಯಲ್ಲಿ ಕಲ್ಲುಗಳು ಕಟ್ಟಿ ಮಧುಮೇಹ ಬರುವ ಒಂದು ಬಗೆ ದಕ್ಷಿಣ ಭಾರತದಲ್ಲಿದೆ. ಕೇರಳದ ಡಾ. ಗೀವರ್ಗೀಸರು ಇಂತಹ ರೋಗಿಗಳನ್ನು ಬಹುಕಾಲ ಅಭ್ಯಸಿಸಿದರು. ಸ್ಪಿಂಕ್-1 ಎಂಬ ವಂಶವಾಹಿಯ ದೋಷಕ್ಕೂ ಇದಕ್ಕೂ ಸಂಬಂಧವುಂಟೆಂಬುದನ್ನು ಹೈದರಾಬಾದಿನ ಸಂಶೋಧಕರೂ ತೋರಿಸಿದ್ದಾರೆ.

ಇನ್ನು ಲಕ್ಷಣಗಳು. ಕಣ್ಣು ಹಳದಿಯಾಗುವುದು, ಮೂತ್ರ ಕಪ್ಪಾಗುವುದು, ಮಲ ಬಿಳಿಚುವುದು, ಮೈಯೆಲ್ಲ ತುರಿಸುವುದು, ಹೊಟ್ಟೆಯ ಮೇಲ್ಭಾಗದ ನೋವು ಬೆನ್ನಿಗೆ ಹಾಯುವುದು. ಕೆಲವರಲ್ಲಿ ಇವಾವುವೂ ಇರದೆ ರಕ್ತಪರೀಕ್ಷೆಯಿಂದಲೇ ವಿಷಯ ತಿಳಿಯುತ್ತದೆ.

ನಮ್ಮ ಕಡೆ ಕಾಮಣಿಯೆಂದೊಡನೆ ಸೊಪ್ಪಿನ ರಸ ಕುಡಿಸುವುದೂ ಬರೆ ಹಾಕಿಸುವುದೂ ಉಂಟು. ವಿಷಾಣುಗಳಿಂದ ಬಂದ ಕಾಮಣಿ ಎಷ್ಟೋ ವೇಳೆ ತಾನಾಗಿಯೇ ಇಳಿಯುತ್ತದೆ. ಕೀರ್ತಿ ಮಾತ್ರ ಸೊಪ್ಪಿಗೆ ಸಲ್ಲುತ್ತದೆ. ಆದರೆ ಹಿಂಡಿದ ನಾಳವನ್ನು ಯಾವ ಸೊಪ್ಪೂ ಬಿಡಿಸಲಾರದು, ಯಾವ ಬರೆಯೂ ತೆರೆಯಲಾರದು. ತಡೆದು ನಿಂತ ಪಿತ್ತದಲ್ಲಿ ಸೋಂಕು ಸೇರಿದರೆ ಚಳಿಜ್ವರ ಬಂದು ಪ್ರಾಣಕ್ಕೇ ಅಪಾಯ. ಬಹುಕಾಲ ಹಾಗೆಯೇ ಬಿಟ್ಟರೆ ಯಕೃತ್ತು ನಾರುಗಟ್ಟಿ ಕೆಡಬಹುದು. ಅಲ್ಲದೆ ಗ್ರಂಥಿಯ ಕ್ಯಾನ್ಸರೂ ಇದೇ ಲಕ್ಷಣಗಳನ್ನು ತೋರಬಲ್ಲದಾದ್ದರಿಂದ ಸ್ಕ್ಯಾನಿಂಗ್ ಮೊದಲಾದ ಪರೀಕ್ಷೆಗಳು ಅವಶ್ಯ.

ಚಿಕಿತ್ಸೆಯಿದೆ. ಹೊಸ ಬಾವಿನಿಂದಾದ ಸಂಕೋಚವು ಬಾವು ಇಳಿದಂತೆ ಸಡಿಲಾಗಬಹುದು. ಸಡಿಲಾಗದಿದ್ದಲ್ಲಿ ಬಾಯಿಯ ಮೂಲಕ ದುರ್ಬೀನು ಇಳಿಸಿ, ನಾಳದಲ್ಲಿ ಸ್ಟೆಂಟ್ ಎಂಬ ಸಣ್ಣ ಕೊಳವೆಯನ್ನು ಇಡುತ್ತಾರೆ. ಗ್ರಂಥಿಯಲ್ಲಿ ಕಲ್ಲುಗಳು ಬೆಳೆದಿದ್ದರೆ ಇದು ಸಾಲದೆ ಹೋಗಬಹುದು; ಆಗ ಪಿತ್ತಕ್ಕೆ ಬೇರೆ ದಾರಿ ಮಾಡುವ ಶಸ್ತ್ರಕ್ರಿಯೆ ಬೇಕಾಗುತ್ತದೆ. ಜಹೀರಾಬಾದಿನಿಂದ ಸುಮಾರು ನೂರು ಕಿಲೋಮೀಟರು ದೂರದ ಹೈದರಾಬಾದಿನಲ್ಲಿ ಡಾ. ನಾಗೇಶ್ವರ ರೆಡ್ಡಿಯವರು ಕಟ್ಟಿದ ಸಂಸ್ಥೆಯು ಈ ವಿದ್ಯೆಗೆ ಜಗತ್ಪ್ರಸಿದ್ಧವಾಗಿದೆ; ಉಸ್ಮಾನಿಯಾ ಸರಕಾರಿ ಆಸ್ಪತ್ರೆಯಲ್ಲಿಯೂ ಜೀರ್ಣಾಂಗ ರೋಗಗಳ ವಿಭಾಗವಿದೆ. ಬಡವರು ಆರೋಗ್ಯಶ್ರೀ ಯೋಜನೆಯ ನೆರವಿನ ಬಗ್ಗೆ ಅಲ್ಲಿಯೇ ವಿಚಾರಿಸಬೇಕು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಪ್ಲಾಸ್ಟಿಕ್ಕಿನ ಕೊಳವೆಯು ಕೆಲವು ತಿಂಗಳಲ್ಲಿ ಕಟ್ಟಿಕೊಳ್ಳುವುದರಿಂದ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಅದನ್ನು ಬದಲಿಸಬೇಕು. ಹಳದಿ ಇಳಿದೊಡನೆ ರೋಗ ಹೋಯಿತೆಂದು ಬಗೆದು, ರಾಶಿಯ ಕಾಲ, ಮದುವೆಯ ಕಾಲವೆಂದು ದಿನ ಮುಂದೂಡುವುದು ಅಪಾಯಕರ. ಲೋಹದ ಕೊಳವೆಗೂ ವೈದ್ಯರು ಹೇಳಿದ ಅವಧಿಯುಂಟು.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಇಂತಹವರಿದ್ದರೆ, ಚೀಟಿಯನ್ನು ಓದಿ ಆ ದಿನಾಂಕವನ್ನು ಗೋಡೆಯ ಪಂಚಾಂಗದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಯಿರಿ. ಚಳಿಜ್ವರ ಬಂದರೆ ಆ ದಿನಕ್ಕೂ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿಸಿರಿ. ನೀವು ಕಲಿತ ಅಕ್ಷರವು ಒಂದು ಜೀವವನ್ನು ಉಳಿಸಿದರೆ ಈ ಶಾಲೆಗೆ ಅದಕ್ಕಿಂತ ಹೆಚ್ಚಿನ ಫಲ ಬೇಕಿಲ್ಲ.