ದೂರು ಊರಿಗೆಲ್ಲ, ತೀರ್ಪು ಗೆಜೆಟ್ಟಿಗೆ

1957ರಲ್ಲಿ ಕೇರಳ ವಿಧಾನಸಭೆಗೆ ನಡೆದ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಓಟು ಎಣಿಸುವ ಕೆಲಸವೇ ಬೀಳಲಿಲ್ಲ. ಅದೇ ಮಂಜೇಶ್ವರದಲ್ಲಿ 2016ರಲ್ಲಿ ಪಿ.ಬಿ. ಅಬ್ದುಲ್ ರಝಾಕ್ ಗೆದ್ದದ್ದು ಬರೀ 89 ಓಟುಗಳಿಂದ. ಸತ್ತವರ, ಊರಲ್ಲಿಲ್ಲದವರ ಹೆಸರಿನಲ್ಲಿ ಕಳ್ಳ ಓಟು ಬಿದ್ದಿದೆ ಎಂದು ಸೋತ ಕೆ. ಸುರೇಂದ್ರನ್ ಹೈಕೋರ್ಟಿಗೆ ಹೋದರು. ಇಂಥ ಅರ್ಜಿಯನ್ನು ಆರು ತಿಂಗಳೊಳಗೆ ಮುಗಿಸಲು ಯತ್ನಿಸಬೇಕೆಂದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಹೇಳುತ್ತದೆ. ಅದು ಮುಗಿಯಲಿಲ್ಲ. 2018ರ ಅಕ್ಟೋಬರಿನಲ್ಲಿ ಶಾಸಕರು ತೀರಿಕೊಂಡರು, 2019ರಲ್ಲಿ ಅರ್ಜಿಯನ್ನು ಹಿಂತೆಗೆದುಕೊಂಡದ್ದಾಯಿತು, ಉಪಚುನಾವಣೆಯೂ ಆಯಿತು. ಕಳ್ಳ ಓಟು ಬಿದ್ದಿತ್ತೋ ಇಲ್ಲವೋ ಎಂಬ ತೀರ್ಪು ಮಾತ್ರ ಬರಲೇ ಇಲ್ಲ.

ಇಂಥ ಅರ್ಜಿಗಳ ಫಲಿತಾಂಶವನ್ನು ಮುಚ್ಚಿಡುವುದು ನಮ್ಮ ಕಾನೂನಿನ ಉದ್ದೇಶವಲ್ಲ. ಮೊದಲು ಚುನಾವಣಾ ನ್ಯಾಯಮಂಡಳಿಗಳು ಕೇಳುತ್ತಿದ್ದ ತಕರಾರುಗಳು 1966ರ ತಿದ್ದುಪಡಿಯಿಂದ ಹೈಕೋರ್ಟಿಗೆ ಬಂದವು. ಆದೇಶ ಗೆಜೆಟ್ಟಿನಲ್ಲಿ ಪ್ರಕಟವಾಗಬೇಕು. ಅರ್ಜಿ ಹಿಂತೆಗೆಯಬೇಕಾದರೂ ಕೋರ್ಟಿನ ಒಪ್ಪಿಗೆ ಬೇಕು, ಗೆಜೆಟ್ ಪ್ರಕಟಣೆ ಬೇಕು. ಒಳಗಿಂದೊಳಗೆ ರಾಜಿಯಾಗದಿರಲಿ ಎಂಬ ಎಚ್ಚರ ಅದರಲ್ಲಿದೆ. ಆದರೆ ಗೆಜೆಟ್ ಓದುವ ಮತದಾರ ಎಲ್ಲಿದ್ದಾನೆ? ಅಭ್ಯರ್ಥಿಯ ಮೇಲಿರುವ ಕ್ರಿಮಿನಲ್ ಮೊಕದ್ದಮೆಗಳು ಪತ್ರಿಕೆಗಳಲ್ಲೇ ಬರಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದಕ್ಕೇ.

2019ರ ಲೋಕಸಭಾ ಚುನಾವಣೆಯಲ್ಲಿ ಕಾಸರಗೋಡು ಕ್ಷೇತ್ರಕ್ಕೆ ಸೇರಿದ ಪಿಲಾತ್ತರದಲ್ಲಿ ಕಳ್ಳ ಓಟು ಬಿದ್ದದ್ದನ್ನು ಮತಗಟ್ಟೆಯ ಕ್ಯಾಮೆರಾ ದೃಶ್ಯ ನೋಡಿ ರಾಜ್ಯದ ಮುಖ್ಯ ಚುನಾವಣಾಧಿಕಾರಿ ಟೀಕಾರಾಂ ಮೀನಾ ಬಹಿರಂಗವಾಗಿಯೇ ಹೇಳಿದರು. ಏಪ್ರಿಲ್ 23ರ ಮತದಾನಕ್ಕೆ ಮೇ 19ರಂದು, ಕಾಸರಗೋಡು ಮತ್ತು ಕಣ್ಣೂರು ಕ್ಷೇತ್ರಗಳ ಏಳು ಮತಗಟ್ಟೆಗಳಲ್ಲಿ ಮರುಮತದಾನವಾಯಿತು. ತಪ್ಪೂ ಪರಿಹಾರವೂ ಒಂದೇ ತಿಂಗಳಲ್ಲಿ ಜನರ ಕಣ್ಣಿಗೆ ಬಿದ್ದವು. ಕಳ್ಳ ಓಟಿನ ಪೊಲೀಸ್ ಕೇಸುಗಳಿಗೆ ಈ ಬೆಳಕಿಲ್ಲ. ಕೇಸು ದಾಖಲಾದಾಗ ದೊಡ್ಡ ಸುದ್ದಿ. ಶಿಕ್ಷೆಯಾಯಿತೋ, ಖುಲಾಸೆಯಾಯಿತೋ ಎಂದು ಆ ಮತಗಟ್ಟೆಯವರಿಗೆ ತಿಳಿಸುವ ಹೊಣೆ ಯಾರದೂ ಅಲ್ಲ.

ಹೀಗೆ ತಿಳಿಸಲು ಹೋಗಿ ಆರೋಪಿಯ ಹೆಸರು ಮತ್ತೆ ಬಯಲಿಗೆ ಬಂದರೆ ನಿರಪರಾಧಿಯ ಮಾನ ಹೋಗದೇ ಎಂದು ಕೇಳಬಹುದು. ಮಾನ ಹೋಗುವುದು ಆರೋಪದ ದಿನವೇ. ಖುಲಾಸೆಯ ಸುದ್ದಿ ತಾನೇ ಅದನ್ನು ಮರಳಿಸಬೇಕು? ಕೋರ್ಟಿನ ಜಾಲತಾಣದಲ್ಲಿ ಎಲ್ಲ ಇದೆ ಎಂಬ ಮಾತೂ ಉಂಟು. ಕೇಸಿನ ನಂಬರು ಗೊತ್ತಿಲ್ಲದ, ಮಂಜೇಶ್ವರ ಕಡೆಯ ಬಾಯಾರಿನ ಕನ್ನಡ ಮತದಾರನಿಗೆ ಇಂಗ್ಲಿಷ್ ಆದೇಶ ಇದ್ದೂ ಇಲ್ಲದಂತೆ. ಕಾಸರಗೋಡಿನ ಕನ್ನಡಿಗರು ಸರಕಾರದೊಂದಿಗೆ ಕನ್ನಡದಲ್ಲೇ ವ್ಯವಹರಿಸಬಹುದೆಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಹೇಳುತ್ತದೆ. ಹಾಗಾಗಿ ಚುನಾವಣಾ ಇಲಾಖೆ ಮತದಾರರ ಪಟ್ಟಿ ಪ್ರಕಟಿಸುವಾಗ, ಆ ಮತಗಟ್ಟೆಯ ಹಳೆಯ ಕೇಸುಗಳು ಏನಾದವು ಎಂಬುದನ್ನೂ ಮಲಯಾಳ, ಕನ್ನಡಗಳಲ್ಲಿ ಬರೆದು ವಿಲೇಜ್ ಆಫೀಸಿನ ಗೋಡೆಗೆ ಅಂಟಿಸಲಿ.