ಕಿಂಡಿ ಎರಡು, ಚಿತ್ರ ಒಂದು



ಒಂದು ಸಣ್ಣ ಪ್ರಯೋಗದಿಂದ ಈ ಮಾತನ್ನು ಆರಂಭಿಸೋಣ. ಕೈಯನ್ನು ಮುಂದಕ್ಕೆ ಚಾಚಿ ಹೆಬ್ಬೆರಳನ್ನು ನೆಟ್ಟಗೆ ನಿಲ್ಲಿಸಿ. ಮೊದಲು ಎಡಗಣ್ಣು ಮುಚ್ಚಿ ನೋಡಿ, ಬಳಿಕ ಬಲಗಣ್ಣು ಮುಚ್ಚಿ ನೋಡಿ. ಹಿಂದಿನ ಗೋಡೆಯ ಎದುರು ಬೆರಳು ಅತ್ತಿತ್ತ ಜಿಗಿದಂತೆ ಕಾಣುತ್ತದೆ. ಬೆರಳನ್ನು ಮೂಗಿನ ಹತ್ತಿರ ತಂದರೆ ಜಿಗಿತ ಹೆಚ್ಚುತ್ತದೆ. ದೂರದ ಮರವನ್ನು ಹೀಗೆ ನೋಡಿದರೆ ಅದು ಜಿಗಿದಂತೆಯೇ ಕಾಣುವುದಿಲ್ಲ. ನಮ್ಮ ಕಣ್ಣುಗಳ ನಡುವಿನ ಸುಮಾರು ಆರೂವರೆ ಸೆಂಟಿಮೀಟರ್ ಅಂತರವನ್ನು ತ್ರಿಕೋನದ ಪಾದವೆಂದು ಭಾವಿಸಿ. ಪಾದವೂ ಕೋನಗಳೂ ತಿಳಿದರೆ ದೂರವನ್ನು ಲೆಕ್ಕ ಹಾಕಬಹುದು ಎಂಬುದು ನೀವು ಓದಿದ ಗಣಿತವೇ.

ರೇಂಜ್‌ಫೈಂಡರ್ ಕ್ಯಾಮೆರಾ ಮಾಡುವುದು ಇದನ್ನೇ. ಅದರ ಮುಂಭಾಗದಲ್ಲಿ ಕೆಲವೇ ಸೆಂಟಿಮೀಟರ್ ಅಂತರದಲ್ಲಿ ಎರಡು ಕಿಂಡಿಗಳಿರುತ್ತವೆ. ಒಂದರ ಮೂಲಕ ನಾವು ನೇರವಾಗಿ ನೋಡುತ್ತೇವೆ. ಇನ್ನೊಂದರ ಬೆಳಕು ಕನ್ನಡಿಯ ಮೂಲಕ ಬಂದು, ನೋಟದ ನಡುವೆ ಎರಡನೆಯ ಚಿತ್ರವಾಗಿ ಕಾಣುತ್ತದೆ. ಮಸೂರದ ಬಳೆಯನ್ನು ತಿರುಗಿಸಿದಂತೆ ಈ ಎರಡನೆಯ ಚಿತ್ರ ಸರಿಯುತ್ತದೆ. ಎರಡೂ ಚಿತ್ರಗಳು ಒಂದರ ಮೇಲೊಂದು ಕುಳಿತ ಕ್ಷಣವೇ ದೂರದ ಅಳತೆ ಸರಿಯಾಯಿತು ಎಂದರ್ಥ.

ಇಂಥ ಕ್ಯಾಮೆರಾಗಳ ಕಥೆಯನ್ನು ತಿಳಿಯಲು ಜರ್ಮನಿಯ ಕಲೋನ್ ನಗರಕ್ಕೆ ಹೋಗಬೇಕು. ರೈನ್ ನದಿಯ ದಡದ ಆ ಊರಿನಲ್ಲಿ 1950ರಲ್ಲಿ ‘ಫೋಟೋಕಿನಾ’ ಎಂಬ ಛಾಯಾಗ್ರಹಣದ ವಾಣಿಜ್ಯ ಮೇಳ ಆರಂಭವಾಯಿತು. 1954ರಲ್ಲಿ ಲೈಕಾ ಸಂಸ್ಥೆಯ ‘ಎಂ-3’ ಕ್ಯಾಮೆರಾ ಹೊರಬಂತು. ಹಿಂದಿನ ಲೈಕಾಗಳಲ್ಲಿ ದೂರ ಅಳೆಯಲು ಒಂದು ಕಡೆ, ಚೌಕಟ್ಟು ನೋಡಲು ಇನ್ನೊಂದು ಕಡೆ ಕಣ್ಣಿಡಬೇಕಾಗಿತ್ತು. ಎಂ-3ರಲ್ಲಿ ಎರಡೂ ಕೆಲಸ ಒಂದೇ ಕಡೆ ಆಗತೊಡಗಿತು. ಆದರೆ 1959ರಲ್ಲಿ ಜಪಾನಿನ ‘ನಿಕಾನ್ ಎಫ್’ ಬಂದ ಮೇಲೆ ಗಾಳಿ ತಿರುಗಿತು. ಅದರಲ್ಲಿ ಒಳಗಿನ ಕನ್ನಡಿಯ ನೆರವಿನಿಂದ, ಚಿತ್ರ ತೆಗೆಯುವ ಮಸೂರದ ಮೂಲಕವೇ ನೋಡಬಹುದಿತ್ತು. ಬಹಳ ಹತ್ತಿರದ ಹೂವಿಗೂ ಬಹಳ ದೂರದ ಹಕ್ಕಿಗೂ ಅದೇ ಅನುಕೂಲ. ರೇಂಜ್‌ಫೈಂಡರ್ ಹಿಂದೆ ಸರಿಯಿತು. ಆದರೂ ಸದ್ದಿಲ್ಲದೆ ಕೆಲಸ ಮಾಡುವ, ಕೈಗೆ ಹಗುರವಾದ, ಚೌಕಟ್ಟಿನ ಹೊರಗೆ ನಡೆಯುವುದನ್ನೂ ತೋರಿಸುವ ಈ ಯಂತ್ರವನ್ನು ಕೆಲವರು ಬಿಡಲಿಲ್ಲ.

ಈಗ 2004ಕ್ಕೆ ಬನ್ನಿ. ಡಿಜಿಟಲ್ ಕ್ಯಾಮೆರಾಗಳು ಅಂಗಡಿಗಳನ್ನು ತುಂಬುತ್ತಿದ್ದ ವರ್ಷ ಅದು. ಆ ವರ್ಷದ ಫೋಟೋಕಿನಾದಲ್ಲಿ ಕಾರ್ಲ್ ಜೈಸ್ ಸಂಸ್ಥೆ ಫಿಲ್ಮು ಹಾಕುವ ಹೊಸ ರೇಂಜ್‌ಫೈಂಡರನ್ನು ಪ್ರಕಟಿಸಿತು. ಅದೇ ವರ್ಷ ಎಪ್ಸನ್ ಸಂಸ್ಥೆಯ ‘ಆರ್‌ಡಿ-1’ ಬಂತು. ಅದು ಮೊದಲ ಡಿಜಿಟಲ್ ರೇಂಜ್‌ಫೈಂಡರ್. ಒಳಗೆ ಫಿಲ್ಮಿಲ್ಲದಿದ್ದರೂ ಪ್ರತಿ ಚಿತ್ರಕ್ಕೂ ಹಳೆಯ ಕ್ಯಾಮೆರಾದಂತೆ ಸನ್ನೆಯನ್ನು ಎಳೆದು ಷಟರನ್ನು ಸಿದ್ಧಗೊಳಿಸಬೇಕಾಗಿತ್ತು. ಎರಡು ವರ್ಷಗಳ ಬಳಿಕ, 2006ರ ಸೆಪ್ಟೆಂಬರಿನಲ್ಲಿ, ಲೈಕಾ ತನ್ನ ‘ಎಂ-8’ನ್ನು ಫೋಟೋಕಿನಾದಲ್ಲಿ ಇರಿಸಿತು. ಅರ್ಧ ಶತಮಾನದಷ್ಟು ಹಳೆಯ ಮಸೂರಗಳನ್ನೂ ಅದಕ್ಕೆ ಜೋಡಿಸಬಹುದಾಗಿತ್ತು.

ಫಿಲ್ಮಿನ ಜಾಗದಲ್ಲಿ ಸಂವೇದಕವನ್ನು ಇಟ್ಟರೆ ಮುಗಿಯಿತಲ್ಲ, ಇಷ್ಟು ತಡವೇಕೆ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಇದು. ರೇಂಜ್‌ಫೈಂಡರಿನಲ್ಲಿ ನಡುವೆ ಕನ್ನಡಿ ಇಲ್ಲದ ಕಾರಣ ಮಸೂರ ಬಹಳ ಹಿಂದಕ್ಕೆ ಕುಳಿತಿರುತ್ತದೆ. ಅಲ್ಲಿಂದ ಹೊರಟ ಬೆಳಕು ಚಿತ್ರದ ಮೂಲೆಗಳನ್ನು ಓರೆಯಾಗಿ ಮುಟ್ಟುತ್ತದೆ. ಫಿಲ್ಮಿಗೆ ಇದರಿಂದ ಹೆಚ್ಚು ತೊಂದರೆಯಿಲ್ಲ. ಆದರೆ ಸಂವೇದಕದ ಒಂದೊಂದು ಬಿಂದುವೂ ಪುಟ್ಟ ಬಾವಿಯಂತೆ. ನಡುಮಧ್ಯಾಹ್ನದ ಬಿಸಿಲು ಬಾವಿಯ ತಳ ಮುಟ್ಟುತ್ತದೆ, ಸಂಜೆಯ ಬಿಸಿಲು ಮುಟ್ಟುವುದಿಲ್ಲ. ಹಾಗೆಯೇ ಚಿತ್ರದ ಮೂಲೆಗಳು ಕಪ್ಪಾಗುತ್ತಿದ್ದವು.

ತಂತ್ರಜ್ಞರು ಮೂರು ಉಪಾಯ ಮಾಡಿದರು. 24×36 ಮಿಲಿಮೀಟರ್ ಫಿಲ್ಮಿನ ಚೌಕಟ್ಟಿಗೆ ಬದಲು 18×27 ಮಿಲಿಮೀಟರಿನ ಸಂವೇದಕವನ್ನು ಬಳಸಿದರು. ಅಂಚಿನ ಬಿಂದುಗಳ ಮೇಲಿನ ಅತಿಸಣ್ಣ ಮಸೂರಗಳನ್ನು ನಡುವಿನ ಕಡೆಗೆ ಸರಿಸಿದರು. ಸಂವೇದಕದ ಮುಂದಿನ ಗಾಜನ್ನು ತೆಳುವಾಗಿಸಿದರು. ಮೂರನೆಯ ಉಪಾಯಕ್ಕೆ ಬೆಲೆ ತೆರಬೇಕಾಯಿತು. ತೆಳು ಗಾಜು ಅವಕೆಂಪು ಕಿರಣಗಳನ್ನು ಪೂರ್ಣವಾಗಿ ತಡೆಯಲಿಲ್ಲ. ಕಣ್ಣಿಗೆ ಕಪ್ಪಾಗಿ ಕಾಣುವ ಕೆಲವು ಕೃತಕ ಬಟ್ಟೆಗಳು ಚಿತ್ರದಲ್ಲಿ ನೇರಳೆಯ ಛಾಯೆ ತಾಳಿದವು. ಲೈಕಾ ಸಂಸ್ಥೆ ಕೊಂಡವರಿಗೆ ಮಸೂರದ ಮುಂದೆ ಹಾಕುವ ಎರಡು ಶೋಧಕಗಳನ್ನು ಉಚಿತವಾಗಿ ಕೊಡಬೇಕಾಯಿತು. 2009ರ ‘ಎಂ-9’ ಬಂದಾಗ ಸಂವೇದಕ ಫಿಲ್ಮಿನ ಪೂರ್ಣ ಅಳತೆಗೆ ಬೆಳೆದಿತ್ತು, ಶೋಧಕದ ಅಗತ್ಯವೂ ತಪ್ಪಿತ್ತು.

ಎಂ-8ರ ಸಂವೇದಕವನ್ನು ತಯಾರಿಸಿದ್ದು ಕೊಡಾಕ್ ಸಂಸ್ಥೆ. ಆ ಸಂಸ್ಥೆಯ ಯುವ ಇಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿಯೇ ಡಿಜಿಟಲ್ ಕ್ಯಾಮೆರಾ ಕಟ್ಟಿದ್ದರು. ಹತ್ತು ಸಾವಿರ ಬಿಂದುಗಳ ಒಂದು ಚಿತ್ರ ಕ್ಯಾಸೆಟ್ಟಿನಲ್ಲಿ ದಾಖಲಾಗಲು 23 ಸೆಕೆಂಡು ಹಿಡಿಯುತ್ತಿತ್ತು. ಆದರೆ ಫಿಲ್ಮಿನ ವ್ಯಾಪಾರವನ್ನೇ ನೆಚ್ಚಿದ್ದ ಆ ಸಂಸ್ಥೆ 2012ರಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ಮೊಬೈಲ್ ಫೋನು ಎಲ್ಲರ ಕೈಗೂ ಕ್ಯಾಮೆರಾ ಕೊಟ್ಟಿತು. ಮೇಳವೂ ಉಳಿಯಲಿಲ್ಲ. 2018ರ ಫೋಟೋಕಿನಾವೇ ಕೊನೆಯದಾಯಿತು. 2020ರಲ್ಲಿ ಅದನ್ನು ನಿಲ್ಲಿಸುವುದಾಗಿ ವ್ಯವಸ್ಥಾಪಕರು ಪ್ರಕಟಿಸಿದರು.

ಹಾಗಾದರೆ ಉಳಿದದ್ದೇನು? ಹಿಂಬದಿಯಲ್ಲಿ ಎರಡು ಮಸೂರಗಳಿರುವ ಫೋನನ್ನು ತೆಗೆದು ನೋಡಿ. ವ್ಯಕ್ತಿಯನ್ನು ಸ್ಪಷ್ಟವಾಗಿಟ್ಟು ಹಿನ್ನೆಲೆಯನ್ನು ಮಸುಕುಗೊಳಿಸಲು ಅಂಥ ಅನೇಕ ಫೋನುಗಳು ಎರಡು ಚಿತ್ರಗಳ ಜಿಗಿತವನ್ನು ಹೋಲಿಸಿ ದೂರವನ್ನು ಎಣಿಸುತ್ತವೆ. ಅದೇ ತ್ರಿಕೋನ, ಅದೇ ಹೆಬ್ಬೆರಳಿನ ಆಟ.

ನಿಮ್ಮೂರಿನ ವಿಜ್ಞಾನ ಪ್ರದರ್ಶನಕ್ಕೋ ಯಂತ್ರಗಳ ಮೇಳಕ್ಕೋ ಹೋದಾಗ ಬೆಲೆ, ಹೊಳಪು, ಹೆಸರುಗಳಲ್ಲಿಯೇ ನಿಲ್ಲಬೇಡಿ. ಇದು ಯಾವ ತತ್ವದ ಮೇಲೆ ನಡೆಯುತ್ತದೆ, ಇದನ್ನು ಮಾಡುವಾಗ ಎದುರಾದ ತೊಡಕು ಯಾವುದು, ಅದನ್ನು ನೀಗಲು ಏನನ್ನು ಬಿಟ್ಟುಕೊಟ್ಟರು ಎಂದು ಮಳಿಗೆಯವರನ್ನು ಕೇಳಿ. ಮಾದರಿಗಳ ಹೆಸರು ಬಾಯಿಪಾಠ ಮಾಡಿದವನ ತಿಳಿವಳಿಕೆ ಮುಂದಿನ ಮೇಳದ ಹೊತ್ತಿಗೆ ಹಳತಾಗುತ್ತದೆ. ತ್ರಿಕೋನವನ್ನು ಅರಿತವನಿಗೆ ಹೊಸ ಯಂತ್ರವೂ ಪರಿಚಿತವಾಗಿಯೇ ಕಾಣುತ್ತದೆ.